ಉಳಿಯುವ ವಸ್ತು, ಗುರುತು ಬಿಟ್ಟು ಹೋಗುವ ವಸ್ತು: ಮನೆಯ ಸಾಮಾನಿನಿಂದ ಚಿತ್ರಕ್ಕೆ ಟೆಕ್ಸ್ಚರ್

ಪ್ರಶ್ನೆ: ಒಂದೂವರೆ ವರ್ಷದಿಂದ ಅಕ್ರಿಲಿಕ್‌ನಲ್ಲಿ ಚಿತ್ರ ಮಾಡುತ್ತಿದ್ದೇನೆ, ಆಗೀಗ ಜಲವರ್ಣವೂ ಉಂಟು. ಟೆಕ್ಸ್ಚರ್‌ಗೆ (ಚಿತ್ರದ ಮೇಲ್ಮೈಯ ಒರಟು, ಉಬ್ಬುತಗ್ಗಿಗೆ) ಸಿದ್ಧ ಪೇಸ್ಟ್ ಕೊಳ್ಳುವ ಬದಲು ಮನೆಯಲ್ಲಿದ್ದುದನ್ನೇ ಬಳಸಿ ನೋಡಿದೆ. ಬಿಳಿ ಅಂಟಿನಲ್ಲಿ ಅಕ್ಕಿ, ಹಿಟ್ಟು ಕಲಸಿ ಹಚ್ಚಿದ ಚಿತ್ರ ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟು ಹುಳು ಹಿಡಿಯಿತು. ಮರಳು ಬೆರೆಸಿದ ಬಣ್ಣ ಕೈ ತಾಗಿದರೆ ಉದುರುತ್ತದೆ. ಜಲವರ್ಣದ ಮೇಲೆ ಉಪ್ಪು ಹಾಕಿದರೆ ನಕ್ಷತ್ರದಂಥ ಆಕಾರ ಮೂಡುತ್ತದೆ ಎನ್ನುತ್ತಾರೆ, ನನಗೆ ಬರೀ ಮಸುಕು ಕಲೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಯಾವುದನ್ನು ನಂಬಿ ಬಳಸಬಹುದು?

ಉತ್ತರ: ಮೂರು ಸೋಲಿಗೂ ಕಾರಣ ಬೇರೆ ಬೇರೆ. ಆದರೂ ಯಾವುದೇ ವಸ್ತುವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಮೊದಲೆರಡು ತಪ್ಪುತ್ತಿದ್ದವು: ಇದು ಚಿತ್ರದೊಳಗೇ ಉಳಿಯುತ್ತದೋ, ಗುರುತು ಬಿಟ್ಟು ಎದ್ದುಹೋಗುತ್ತದೋ? ಸ್ಪಂಜು, ಬಾಚಣಿಗೆ, ಪ್ಲಾಸ್ಟಿಕ್ ಹಾಳೆ, ಹಳೆಯ ಬಟ್ಟೆ ಎಲ್ಲವೂ ಎದ್ದುಹೋಗುವವು. ಅವುಗಳೊಂದಿಗೆ ಎಷ್ಟು ಧೈರ್ಯದಿಂದ ಆಡಿದರೂ ನಷ್ಟವಿಲ್ಲ. ಒಳಗೆ ಉಳಿಯುವ ವಸ್ತು ಮಾತ್ರ ಮೂರು ಪರೀಕ್ಷೆ ದಾಟಬೇಕು. ಅದು ನೀರಿನಲ್ಲಿ ಕರಗಬಾರದು. ಕೊಳೆಯಬಾರದು, ಹುಳುವಿಗೆ ತಿನಿಸಾಗಬಾರದು. ಅದರ ಒಂದೊಂದು ಕಣವನ್ನೂ ಸುತ್ತಿ ಹಿಡಿಯುವಷ್ಟು ಅಂಟು, ಅಂದರೆ ಬೈಂಡರ್, ಅದಕ್ಕೆ ಸಿಗಬೇಕು. ಅಕ್ಕಿ, ಹಿಟ್ಟು ಎರಡನೆಯದರಲ್ಲಿ ಸೋತವು. ಮರಳು ಮೂರನೆಯದರಲ್ಲಿ ಸೋತಿತು. ಉಪ್ಪಿನದು ಬೇರೆಯೇ ಕಥೆ, ಅದು ಹೊತ್ತು ನೋಡಿ ಮಾಡುವ ಕೆಲಸ.

ಮರಳಿನಿಂದಲೇ ಶುರುಮಾಡೋಣ, ಏಕೆಂದರೆ ಅದು ಅರ್ಥವಾದರೆ ಉಳಿದ ಪುಡಿಗಳೆಲ್ಲ ಅರ್ಥವಾದಂತೆ. ಮರಳು ಒಳ್ಳೆಯ ವಸ್ತು. ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ 1912ರಲ್ಲೇ ಬಣ್ಣಕ್ಕೆ ಮರಳು ಬೆರೆಸಿದ್ದ. ಅದು ಕರಗುವುದಿಲ್ಲ, ಕೊಳೆಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಉದುರುವುದು ಏಕೆಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ. 100 ಮಿಲಿ ಅಳತೆಯ ಲೋಟದ ತುಂಬ ಒಣ ಮರಳು ತುಂಬಿ. ಈಗ ಅಳೆದ ನೀರನ್ನು ನಿಧಾನವಾಗಿ ಸುರಿಯುತ್ತಾ ಹೋಗಿ, ನೀರು ಮರಳಿನ ಮೇಲ್ಮೈಗೆ ಬಂದ ಕೂಡಲೇ ನಿಲ್ಲಿಸಿ. ಹೆಚ್ಚುಕಡಿಮೆ 40 ಮಿಲಿ ನೀರು ಹಿಡಿದಿರುತ್ತದೆ. ಕಣಗಳ ನಡುವೆ ಇರುವ ಖಾಲಿ ಜಾಗ ಅಷ್ಟು. ಒಣಗಿದ ಮೇಲೆ ಆ ಜಾಗವನ್ನೆಲ್ಲ ಬೈಂಡರ್ ತುಂಬಿರಬೇಕು, ಇಲ್ಲವಾದರೆ ಕಣಗಳು ಒಂದನ್ನೊಂದು ಮುಟ್ಟಿಕೊಂಡು ನಿಂತಿರುತ್ತವೆಯೇ ಹೊರತು ಅಂಟಿರುವುದಿಲ್ಲ.

ಇನ್ನೊಂದು ಲೆಕ್ಕ ಸೇರಿಸಿ. ಅಕ್ರಿಲಿಕ್ ಮೀಡಿಯಂ (ವರ್ಣದ್ರವ್ಯ ಸೇರಿಸದ ಅಕ್ರಿಲಿಕ್ ಬೈಂಡರ್) ಆಗಲಿ ಬಿಳಿ ಅಂಟಾಗಲಿ, ಸುಮಾರು ಅರ್ಧ ಭಾಗ ನೀರೇ. ಒಣಗಿದಾಗ ಆ ಅರ್ಧ ಆವಿಯಾಗುತ್ತದೆ. ಅಂದರೆ 40 ಮಿಲಿ ಖಾಲಿ ಜಾಗ ತುಂಬಲು 80 ಮಿಲಿ ಮೀಡಿಯಂ ಬೇಕು, ಅದೂ ಅಂಚಿಗಂಚು. ಹಾಗಾಗಿ ಒಂದು ಅಳತೆ ಮರಳಿಗೆ ಎರಡು ಅಳತೆ ಮೀಡಿಯಂ ಎಂದು ಇಟ್ಟುಕೊಂಡರೆ ಭಯವಿಲ್ಲ. ಒಂದಕ್ಕೆ ಒಂದು ಹಾಕಿದರೆ ನಿಲ್ಲಬಹುದು, ಮೂಲೆಗಳಲ್ಲಿ ಉದುರಬಹುದು. ಬೆರಳಿಗೆ ಬಿಗಿಯಾಗಿದೆ ಎಂದು ಅದಕ್ಕೆ ನೀರು ಸೇರಿಸಿದರಂತೂ ಇದ್ದ ಬೈಂಡರ್ ಕೂಡ ತೆಳುವಾಯಿತು. ಇನ್ನೊಂದು ಸಾಮಾನ್ಯ ತಪ್ಪು, ಮರಳನ್ನು ನೇರವಾಗಿ ಟ್ಯೂಬಿನ ಬಣ್ಣಕ್ಕೆ ಬೆರೆಸುವುದು. ಟ್ಯೂಬಿನ ಬಣ್ಣದಲ್ಲಿರುವ ಬೈಂಡರ್ ಆಗಲೇ ಅದರ ವರ್ಣದ್ರವ್ಯವನ್ನು ಹಿಡಿದಿಡುವ ಕೆಲಸದಲ್ಲಿದೆ, ಮರಳಿಗೆ ಕೊಡಲು ಹೆಚ್ಚೇನೂ ಮಿಕ್ಕಿರುವುದಿಲ್ಲ. ಬಣ್ಣವಿಲ್ಲದ ಮೀಡಿಯಂನಲ್ಲಿ ಮರಳು ಕಲಸಿ ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿಯಿರಿ. ತಗ್ಗಿನಲ್ಲಿ ಗಾಢ ಬಣ್ಣ ನೀರಾಗಿ ಹರಿಸಿ, ಉಬ್ಬಿನ ಮೇಲೆ ಒಣ ಬ್ರಷ್ಷಿನಿಂದ ತಿಳಿ ಬಣ್ಣ ಸವರಿದರೆ ಮರಳಿನ ಒಂದೊಂದು ಕಣವೂ ಕಾಣುತ್ತದೆ. ಈ ಸೊಗಸು ಮೊದಲೇ ಬಣ್ಣ ಕಲಸಿದರೆ ಬರುವುದಿಲ್ಲ.

ಮರಳನ್ನು ತೊಳೆಯದೆ ಬಳಸಬೇಡಿ. ಸಮುದ್ರದ ಮರಳಲ್ಲಿ ಉಪ್ಪಿರುತ್ತದೆ, ಬೇರೆಡೆಯದರಲ್ಲಿ ಜೇಡಿ, ಬೇರುನಾರು. ಬಕೆಟ್ಟಿನಲ್ಲಿ ನೀರು ತುಂಬಿ ಕದಡಿ, ಮೇಲಿನ ಕೆಸರು ನೀರು ಚೆಲ್ಲಿ. ನೀರು ತಿಳಿಯಾಗಿ ನಿಲ್ಲುವವರೆಗೆ, ನಾಲ್ಕೈದು ಸಲ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಜರಡಿ ಹಿಡಿಯಿರಿ. ಚಹಾ ಸೋಸುವ ಜಾಲರಿಯಿಂದ ಕೆಳಗೆ ಬೀಳುವ ನಯ ಮರಳನ್ನು ಒಂದು ಡಬ್ಬಿಗೆ, ಮೇಲುಳಿದ ತರಿಯನ್ನು ಇನ್ನೊಂದಕ್ಕೆ ತುಂಬಿಡಿ. ಎರಡರ ಪರಿಣಾಮ ಪೂರಾ ಬೇರೆ. ಜರಡಿ ಹಿಡಿಯುವಾಗ, ಒಣಗಿದ್ದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುವಾಗ ಧೂಳು ತಡೆಯುವ ಮಾಸ್ಕ್ ಇರಲಿ. ಸಣ್ಣ ಮರಳ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚಿತ್ರಕ್ಕೆ ಬಳಸಿದ ಜಾಲರಿ, ಚಮಚ, ಲೋಟ ಮತ್ತೆ ಅಡುಗೆಗೆ ಹೋಗಬಾರದು.

ಇದೇ ಲೆಕ್ಕ ಸೀಮೆಸುಣ್ಣದ ಪುಡಿಗೂ ನಡೆಯುತ್ತದೆ, ಆದರೆ ಪುಡಿ ನಯವಾದಷ್ಟೂ ಬೈಂಡರ್ ಹೆಚ್ಚು ಬೇಡುತ್ತದೆ. ಮನೆಯಲ್ಲೇ ಟೆಕ್ಸ್ಚರ್ ಪೇಸ್ಟ್ ಮಾಡುವುದಾದರೆ 100 ಮಿಲಿ ಅಕ್ರಿಲಿಕ್ ಮೀಡಿಯಂ ಬಟ್ಟಲಲ್ಲಿಟ್ಟು, ಸೀಮೆಸುಣ್ಣದ ನಯ ಪುಡಿಯನ್ನು ಚಮಚ ಚಮಚವಾಗಿ ಅದರ ಮೇಲೆ ಉದುರಿಸುತ್ತಾ ಕಲಸಿ. ಪುಡಿಯ ಮೇಲೆ ಮೀಡಿಯಂ ಸುರಿದರೆ ಒಳಗೆ ಒಣ ಗಂಟು ಉಳಿಯುತ್ತದೆ. ಬಡಿದು ಕಲಸಬೇಡಿ, ಗಾಳಿಗುಳ್ಳೆ ಸೇರಿದರೆ ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ. ಚಮಚ ಎತ್ತಿದಾಗ ಮೇಲೆದ್ದ ತುದಿ ಬಾಗದೆ ನಿಲ್ಲುವ ಹದಕ್ಕೆ ಬಂದರೆ ಸಾಕು. ಅದಕ್ಕಿಂತ ಹೆಚ್ಚು ಪುಡಿ ಸೇರಿಸಬೇಡಿ. ಮುಚ್ಚಿ ಅರ್ಧ ಗಂಟೆ ಬಿಟ್ಟು ಬಳಸಿ. ಒಣಗಿದ ತುಂಡನ್ನು ಉಗುರಿನಿಂದ ಗೀರಿದರೆ ಬಿಳಿ ಪುಡಿ ಬರುತ್ತದೆಯೇ? ಹಾಗಿದ್ದರೆ ಮೀಡಿಯಂ ಕಡಿಮೆಯಾಗಿದೆ.

ಹಚ್ಚುವಾಗ ಒಂದು ಪದರ 3 ಮಿಲಿಮೀಟರ್ ದಾಟದಿರಲಿ. ದಪ್ಪವಾಗಿ ಮೆತ್ತಿದರೆ ಮೇಲ್ಭಾಗ ಮೊದಲು ಒಣಗಿ ಚರ್ಮಗಟ್ಟುತ್ತದೆ, ಒಳಗಿನ ನೀರು ಆಮೇಲೆ ಹೊರಟಾಗ ಒಳಭಾಗ ಕುಗ್ಗುತ್ತದೆ, ಮೇಲಿನ ಚರ್ಮ ಕೆರೆಯ ತಳದ ಕೆಸರು ಒಣಗಿದಂತೆ ಸೀಳುತ್ತದೆ. ಹೆಚ್ಚು ಎತ್ತರ ಬೇಕೆಂದರೆ ಒಂದು ಪದರ ಒಣಗಿದ ಮೇಲೆ ಇನ್ನೊಂದು, ನಡುವೆ ಕನಿಷ್ಠ ಒಂದು ದಿನ. ಕೋಣೆ ತೀರಾ ತಣ್ಣಗಿದ್ದರೆ, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಕೆಲಸ ಮುಂದೂಡಿ. ಆ ಚಳಿಯಲ್ಲಿ ಅಕ್ರಿಲಿಕ್‌ನ ಕಣಗಳು ಒಂದರೊಳಗೊಂದು ಬೆಸೆದು ಪದರವಾಗುವುದಿಲ್ಲ. ನೋಡಲು ಒಣಗಿರುತ್ತದೆ, ಮುಟ್ಟಿದರೆ ಪುಡಿ.

ಹಚ್ಚುವ ನೆಲವೂ ಮುಖ್ಯ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮುಟ್ಟಿದರೆ ಡೋಲಿನಂತೆ ಅಲುಗುತ್ತದೆ, ಗಡುಸಾದ ಪೇಸ್ಟ್ ಆ ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಭಾರದ ಟೆಕ್ಸ್ಚರ್ ಏನಿದ್ದರೂ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೇಲೆ. ಮುಂಭಾಗಕ್ಕೆ ಎರಡು ಕೋಟ್ ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಡಿಪದರ), ಹಿಂಭಾಗಕ್ಕೂ ಒಂದೆರಡು ಕೋಟ್ ಏನಾದರೂ ಬಣ್ಣ ಬಳಿಯಿರಿ. ಒಂದೇ ಬದಿ ಬಳಿದ ಹಲಗೆ ಆ ಬದಿಗೆ ಸೊಟ್ಟಗಾಗುತ್ತದೆ.

ಈಗ ಬಳಸಬಾರದವುಗಳ ಮಾತು. ಅಕ್ಕಿ, ಬೇಳೆ, ಹಿಟ್ಟು, ಒಣ ಎಲೆ ಇವಕ್ಕೆ ಎಷ್ಟು ವಾರ್ನಿಷ್ ಹೊಡೆದರೂ ಭರವಸೆಯಿಲ್ಲ. ಅಕ್ರಿಲಿಕ್ ಪದರ ಹನಿ ನೀರನ್ನು ತಡೆದರೂ ಗಾಳಿಯ ತೇವವನ್ನು ಒಳಗೆ ಬಿಡುತ್ತದೆ. ತೇವ ಬಂದಾಗ ಕಾಳು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಿಮ್ಮ ಚಿತ್ರದ ಬಿರುಕಿನಲ್ಲಿ ಇದರ ಪಾಲು ದೊಡ್ಡದು. ಬಿರುಕಿನ ಮೂಲಕ ಹುಳು ಒಳಸೇರುತ್ತದೆ, ಕಾಳಿನಲ್ಲೇ ಮೊಟ್ಟೆಯಿದ್ದರೆ ಒಳಗಿನಿಂದಲೇ ಕೊರೆದು ಬರುತ್ತದೆ. ಕಾಳಿನಂಥ ಉಬ್ಬು ಬೇಕಿದ್ದರೆ ಜರಡಿಯ ಮೇಲುಳಿದ ಸಣ್ಣ ಕಲ್ಲುಹರಳು, ಗಾಜಿನ ಮಣಿ ಬಳಸಿ. ಕಾಫಿ ಗಸಿ ಆಸೆ ಹುಟ್ಟಿಸುವ ವಸ್ತು, ಬಣ್ಣವೂ ಚೆನ್ನ. ಆದರೆ ಅದರ ಕಂದು ಸಾರ ತಿಂಗಳುಗಟ್ಟಲೆ ಮೇಲಿನ ತಿಳಿ ಬಣ್ಣಕ್ಕೆ ಒಸರುತ್ತಲೇ ಇರಬಹುದು, ಅರೆಬರೆ ಒಣಗಿದ್ದರೆ ಬೂಷ್ಟು ಖಚಿತ. ಮರದ ಹೊಟ್ಟಿಗೂ ಒಸರುವ ಗುಣ ಇದೆ. ಅದನ್ನು ಮೀಡಿಯಂನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಬರೀ ಮೀಡಿಯಂನ ಎರಡು ಕೋಟ್ ಕೊಟ್ಟು, ಆಮೇಲೆ ಬಣ್ಣ ಹಾಕಿದರೆ ಪರವಾಗಿಲ್ಲ.

ಅಡುಗೆ ಸೋಡಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಕ್ರಿಲಿಕ್‌ಗೆ ಸೋಡಾ ಬೆರೆಸಿ ಒರಟು ಗೋಡೆಯಂಥ ಮೇಲ್ಮೈ ಮಾಡುವುದು ಈಗ ಬಹಳ ಜನಪ್ರಿಯ. ಮೊದಲ ದಿನ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಆದರೆ ಸೋಡಾ ನೀರಿನಲ್ಲಿ ಕರಗುವ ಲವಣ. ಅಕ್ರಿಲಿಕ್ ಬಣ್ಣವೆಂದರೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಪ್ಲಾಸ್ಟಿಕ್ ಕಣಗಳು. ಅವು ಹೊತ್ತಿಗೆ ಮುಂಚೆ ಗುಂಪುಗೂಡದಂತೆ ಕಣಗಳ ಮೇಲಿನ ವಿದ್ಯುದಂಶ ಮತ್ತು ಬೆರೆಸಿದ ರಾಸಾಯನಿಕಗಳು ತಡೆದಿರುತ್ತವೆ. ಲವಣ ಸೇರಿದಾಗ ಆ ತಡೆ ಮುರಿದು ಹಾಲು ಒಡೆದಂತೆ ಬಣ್ಣ ಒಡೆಯಬಹುದು. ಬಟ್ಟಲಲ್ಲಿ ಬಣ್ಣ ಇದ್ದಕ್ಕಿದ್ದಂತೆ ತರಿತರಿ ಗಂಟಾಗುವುದು ಇದಕ್ಕೇ. ಉಳಿದ ಸೋಡಾ ಮುಂದೆ ತೇವ ಬಂದಾಗಲೆಲ್ಲ ಕರಗಿ ಮೇಲ್ಮೈಗೆ ಬಿಳಿ ಹುಡಿಯಾಗಿ ಏಳಬಹುದು. ಅದೇ ಮೇಲ್ಮೈ ಕರಗದ ಸೀಮೆಸುಣ್ಣದ ಪುಡಿಯಿಂದಲೂ ಬರುತ್ತದೆ, ಹಾಗಿರುವಾಗ ಸೋಡಾ ಏಕೆ? ಬೇಕಿಂಗ್ ಪೌಡರ್ ಇನ್ನೂ ಕೆಟ್ಟದ್ದು. ಅದರಲ್ಲಿ ಆಮ್ಲವೂ ಪಿಷ್ಟವೂ ಸೇರಿರುತ್ತವೆ, ನೀರು ತಾಗಿದೊಡನೆ ನೊರೆ ಏಳುತ್ತದೆ. ಅಕ್ರಿಲಿಕ್‌ಗೆ ಉಪ್ಪು ಬೆರೆಸುವುದೂ ಇದೇ ಕಾರಣಕ್ಕೆ ಬೇಡ.

ಗೋಡೆಗೆ ಬಳಿಯುವ ಸಿಮೆಂಟ್ ಪುಟ್ಟಿ ಹಲಗೆಯ ಮೇಲೆ ನಿಲ್ಲುತ್ತದೆ, ಆದರೆ ಅದು ತೀಕ್ಷ್ಣ ಕ್ಷಾರ. ಪ್ರಷ್ಯನ್ ನೀಲಿ ಕ್ಷಾರಕ್ಕೆ ಕೆಟ್ಟು ಕಂದಾಗುತ್ತದೆ. ಇದಕ್ಕೆ ಎದುರು ಅಲ್ಟ್ರಾಮರೀನ್ ನೀಲಿ: ಅದು ಕ್ಷಾರಕ್ಕೆ ಜಗ್ಗುವುದಿಲ್ಲ, ಆಮ್ಲಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಹಾಗಾಗಿ ವಿನೆಗರ್, ನಿಂಬೆರಸದ ಪ್ರಯೋಗಕ್ಕೆ ಆ ಬಣ್ಣ ಆರಿಸಬೇಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಒಂದು ಹಿಡಿಯಷ್ಟೇ ಕಲಸಿಕೊಳ್ಳಿ. ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಕೊಳವೆಯೊಳಗೇ ಕಲ್ಲಾಗುತ್ತದೆ.

ಮನೆಯೊಳಗಿಂದ ಸಿಗುವ ಉಳಿಯುವ ವಸ್ತುಗಳಲ್ಲಿ ಶ್ರೇಷ್ಠವಾದದ್ದು ಮೊಟ್ಟೆಯ ಚಿಪ್ಪು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸೀಮೆಸುಣ್ಣದ ಬಂಧು. ವಿಯೆಟ್ನಾಮಿನ ಲ್ಯಾಕರ್ (ಮರದ ರಸದಿಂದ ಮಾಡಿದ ಮೆರುಗು) ಚಿತ್ರಗಳಲ್ಲಿ ಹೊಳೆಯುವ ಬಿಳಿ ಭಾಗ ಕೂರಿಸಲು ಚಿಪ್ಪಿನ ಚೂರುಗಳನ್ನೇ ಬಳಸುತ್ತಾರೆ. ಮಾಡಬೇಕಾದ ಒಂದೇ ಎಚ್ಚರಿಕೆಯೆಂದರೆ ಒಳಗಿನ ತೆಳು ಪೊರೆ ಬಿಡಿಸುವುದು. ಅದು ಉಳಿದರೆ ನಾರುತ್ತದೆ, ಅಂಟನ್ನೂ ಹಿಡಿಯಗೊಡುವುದಿಲ್ಲ. ಚಿಪ್ಪನ್ನು 10 ನಿಮಿಷ ಕುದಿಸಿ, ಬಿಸಿಯಾರಿದ ಮೇಲೆ ಪೊರೆಯನ್ನು ಬೆರಳಿನಿಂದ ಸುಲಿದು, ತೊಳೆದು ಒಣಗಿಸಿ. ಹಲಗೆಯ ಮೇಲೆ ದಪ್ಪಗೆ ಮೀಡಿಯಂ ಬಳಿದು, ಹಸಿಯಿರುವಾಗಲೇ ದೊಡ್ಡ ಚೂರನ್ನು ಉಬ್ಬು ಭಾಗ ಮೇಲಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಚಟಪಟನೆ ಒಡೆದು ಸಣ್ಣ ಸಣ್ಣ ತುಂಡಾಗಿ ಹರಡುತ್ತದೆ, ಸಂದುಗಳು ತಾವೇ ಮೂಡುತ್ತವೆ. ಸೂಜಿಯಿಂದ ಸಂದು ಅಗಲಿಸಬಹುದು. ಮಾರನೆಯ ದಿನ ಮೇಲೊಂದು ಕೋಟ್ ಮೀಡಿಯಂ, ಆಮೇಲೆ ತೆಳು ಗಾಢ ಬಣ್ಣ ಬಳಿದು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಸಂದುಗಳಲ್ಲಿ ಮಾತ್ರ ನಿಲ್ಲುತ್ತದೆ.

ಬಿಳಿ ಟಿಶ್ಯೂ ಕಾಗದವೂ ಒಳ್ಳೆಯದು, ಭಾರವಿಲ್ಲ, ಕ್ಯಾನ್ವಾಸಿಗೂ ಆಗುತ್ತದೆ. ಎರಡು ಭಾಗ ಮೀಡಿಯಂಗೆ ಒಂದು ಭಾಗ ನೀರು ಬೆರೆಸಿ ಮೇಲ್ಮೈಗೆ ಬಳಿಯಿರಿ, ಮುದುಡಿ ಬಿಡಿಸಿದ ಕಾಗದ ಹಾಸಿ, ಮೇಲಿನಿಂದ ಅದೇ ಮಿಶ್ರಣವನ್ನು ಮೆತ್ತಗಿನ ಬ್ರಷ್ಷಿನಿಂದ ನಡುವಿನಿಂದ ಹೊರಕ್ಕೆ ಸವರಿ. ಸುಕ್ಕು ನಿಮಗೆ ಬೇಕಾದಲ್ಲಿ ನಿಲ್ಲಲಿ, ಅದರಡಿ ಗಾಳಿ ಮಾತ್ರ ಉಳಿಯದಿರಲಿ. ಪತ್ರಿಕೆಯ ಕಾಗದ ಹಳದಿಗಟ್ಟುತ್ತದೆ, ಬಣ್ಣದ ಟಿಶ್ಯೂ ಒದ್ದೆಯಾದರೆ ಬಣ್ಣ ಬಿಡುತ್ತದೆ.

ಬಿಳಿ ಅಂಟನ್ನು ಇಡೀ ಚಿತ್ರಕ್ಕೆ ಬೈಂಡರ್ ಮಾಡಬೇಡಿ. ಅದರ ಹಲವು ಬಗೆಗಳು ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತವೆ. ಆದರೆ ಒಂದು ಕೆಲಸದಲ್ಲಿ ಅದರ ಈ ಗುಣವೇ ವರ: ಹಳೆಯ ಬಣ್ಣ ಬಿರಿದಂತೆ ಕಾಣುವ ಬಿರುಕು. ಹಲಗೆಗೆ ಮೊದಲು ಗಾಢ ಅಕ್ರಿಲಿಕ್ ಬಳಿದು ಪೂರ್ತಿ ಒಣಗಿಸಿ. ಮೇಲೆ ಬಿಳಿ ಅಂಟನ್ನು ನೀರು ಬೆರೆಸದೆ ದಪ್ಪಗೆ ಬಳಿಯಿರಿ. ಬೆರಳಿಗೆ ಜಿಗುಟಾಗುವ ಆದರೆ ಬೆರಳಿಗೆ ಅಂಟಿ ಬಾರದ ಹದಕ್ಕೆ ಕಾಯಿರಿ, ಹವೆ ನೋಡಿ 10ರಿಂದ 30 ನಿಮಿಷ. ಆಗ ತಿಳಿ ಬಣ್ಣದ ಅಕ್ರಿಲಿಕ್ಕನ್ನು ಒಂದೇ ಸಲಕ್ಕೆ, ಒಂದೇ ದಿಕ್ಕಿಗೆ ಎಳೆದು ಬಿಟ್ಟುಬಿಡಿ. ಎರಡನೆಯ ಸಲ ಬ್ರಷ್ ಆಡಿಸಿದರೆ ಅಂಟು ಎದ್ದು ಬಣ್ಣದೊಂದಿಗೆ ಕಲಸಿಹೋಗುತ್ತದೆ. ಮೇಲಿನ ಬಣ್ಣ ಬೇಗ ಒಣಗಿ ಕುಗ್ಗುತ್ತದೆ, ಅಡಿಯ ಮೆತ್ತನೆಯ ಅಂಟು ಅದನ್ನು ಜಾರಗೊಡುತ್ತದೆ, ಬಣ್ಣ ಸೀಳುತ್ತದೆ. ಅಂಟು ದಪ್ಪವಿದ್ದಲ್ಲಿ ಅಗಲ ಬಿರುಕು, ತೆಳುವಿದ್ದಲ್ಲಿ ಕೂದಲೆಳೆಯ ಬಿರುಕು. ಏನೂ ಬಿರಿಯದಿದ್ದರೆ ಅಂಟು ಅತಿಯಾಗಿ ಒಣಗಿತ್ತೆಂದು ಅರ್ಥ. ಎರಡು ದಿನ ಬಿಟ್ಟು ವಾರ್ನಿಷ್ ಹೊಡೆಯಿರಿ. ಇದು ಹಲಗೆಯ ಕೆಲಸ, ಕ್ಯಾನ್ವಾಸಿನದಲ್ಲ.

ಇನ್ನು ಗುರುತು ಬಿಟ್ಟು ಹೋಗುವವು. ಉಪ್ಪು ಇಲ್ಲಿಗೆ ಸೇರಿದ್ದು, ಮತ್ತು ಜಲವರ್ಣಕ್ಕೆ ಮಾತ್ರ. ಬಣ್ಣ ಬಳಿದ ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ನೋಡಿ. ಕನ್ನಡಿಯಂತೆ ನೀರು ಹೊಳೆಯುತ್ತಿದ್ದರೆ ಇನ್ನೂ ಹೊತ್ತಿದೆ. ಈಗ ಉಪ್ಪು ಬಿದ್ದರೆ ಪೂರ್ತಿ ಕರಗಿ, ನಿಮಗೆ ಬಂದಂಥ ಮಸುಕು ಕಲೆಯೇ ಆಗುತ್ತದೆ. ಹೊಳಪು ಪೂರ್ತಿ ಹೋಗಿದ್ದರೆ ಹೊತ್ತು ಮೀರಿದೆ, ಹರಳು ಸುಮ್ಮನೆ ಕೂತಿರುತ್ತದೆ. ಕನ್ನಡಿಯ ಹೊಳಪು ಹೋಗಿ ರೇಷ್ಮೆಯ ಹೊಳಪು ಉಳಿದ ಆ ಒಂದೆರಡು ನಿಮಿಷವೇ ಸರಿಯಾದ ಹೊತ್ತು. ಆಗ ಒಂದು ಚಿಟಿಕೆ, ಒಂದು ಅಡಿ ಎತ್ತರದಿಂದ, ಬಿಡಿಬಿಡಿಯಾಗಿ. ಹರಳು ಸುತ್ತಲಿನ ನೀರನ್ನು ಹೀರಿ ಕರಗುತ್ತಾ ಹೋದಂತೆ ಬಣ್ಣ ಸರಿದು ತಿಳಿ ನಕ್ಷತ್ರ ಬಿಡುತ್ತದೆ. ನಕ್ಷತ್ರಗಳ ನಡುವೆ ಬರೀ ಬಣ್ಣದ ಜಾಗ ಇದ್ದರೇ ಅವು ನಕ್ಷತ್ರ. ಮುಷ್ಟಿ ತುಂಬ ಎರಚಿದರೆ ಬೂದಿ. ಪುಡಿ ಉಪ್ಪಿನಿಂದ ಸಣ್ಣ ಚುಕ್ಕೆ, ಕಲ್ಲುಪ್ಪಿನಿಂದ ದೊಡ್ಡ ಒರಟು ಕಲೆ. ಹೇರ್ ಡ್ರೈಯರ್ ಹಿಡಿಯಬೇಡಿ, ತಾನಾಗಿ ಒಣಗಲಿ. ಪೂರ್ತಿ ಒಣಗಿದ ಮೇಲೆ ಎಲ್ಲ ಉಪ್ಪನ್ನೂ ಉಜ್ಜಿ ತೆಗೆಯಿರಿ, ಉಳಿದರೆ ಅದು ತೇವ ಸೆಳೆಯುತ್ತಲೇ ಇರುತ್ತದೆ. ಥಾಲೋ ನೀಲಿ, ಥಾಲೋ ಹಸಿರಿನಂಥ ಕಾಗದಕ್ಕೆ ಕಚ್ಚಿಕೊಳ್ಳುವ ಬಣ್ಣಗಳಲ್ಲಿ ಕಲೆ ಅಷ್ಟಾಗಿ ತಿಳಿಯಾಗುವುದಿಲ್ಲ. ಮಳೆಗಾಲದ ತೇವದ ದಿನಗಳಲ್ಲೂ ಉಪ್ಪಿನಿಂದ ಹೆಚ್ಚು ನಿರೀಕ್ಷಿಸಬೇಡಿ.

ಅದೇ ಹೊತ್ತಿಗೆ ಉಪ್ಪಿನ ಬದಲು ರಬ್ಬಿಂಗ್ ಆಲ್ಕೋಹಾಲ್ (ಗಾಯ ಒರೆಸುವ ಸ್ಪಿರಿಟ್) ಒಂದು ಹನಿ ಬಿಟ್ಟರೆ ನೀರಿನ ಮೇಲ್ಮೈ ಸೆಳೆತ ಅಲ್ಲಿ ಕುಗ್ಗಿ, ಬಣ್ಣ ಸುತ್ತಲೂ ಓಡಿ ಬಳೆಯಂಥ ವೃತ್ತ ಮೂಡುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬ್ಲೀಚನ್ನು ಆಲ್ಕೋಹಾಲ್ ಜೊತೆಗಾಗಲಿ ವಿನೆಗರ್ ಜೊತೆಗಾಗಲಿ ಎಂದೂ ಸೇರಿಸಬೇಡಿ, ವಿಷಾನಿಲ ಹುಟ್ಟುತ್ತದೆ.

ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಇವೆಲ್ಲಕ್ಕಿಂತ ಉದಾರಿ. ಒದ್ದೆ ಜಲವರ್ಣದ ಮೇಲೆ ಚಿತ್ರಕ್ಕಿಂತ ಒಂದೂವರೆ ಪಟ್ಟು ದೊಡ್ಡ ಹಾಳೆ ಹಾಸಿ, ಬೆರಳಿನಿಂದ ಒತ್ತುತ್ತಾ ನೆರಿಗೆ ಕೂಡಿಸಿ. ಪ್ಲಾಸ್ಟಿಕ್ ತಾಗಿದಲ್ಲಿ ಬಣ್ಣ ಒಂದು ಬಗೆ, ನೆರಿಗೆಯಡಿ ಗಾಳಿ ಉಳಿದಲ್ಲಿ ಇನ್ನೊಂದು ಬಗೆ. ಬಂಡೆ, ಮಂಜುಗಡ್ಡೆ, ಎಲೆಯ ನರಕ್ಕೆ ಹೇಳಿ ಮಾಡಿಸಿದ ಗೆರೆ. ಅಂಚು ಚೂಪಾಗಿ ಬೇಕಿದ್ದರೆ ಮಾರನೆಯ ದಿನ ಬಿಡಿಸಿ, ಮಸುಕಾಗಿ ಬೇಕಿದ್ದರೆ ಅರ್ಧ ಗಂಟೆಗೇ. ಅಕ್ರಿಲಿಕ್‌ನಲ್ಲಿ ಮಾತ್ರ ರಾತ್ರಿಯಿಡೀ ಬಿಡುವುದರಲ್ಲಿ ಲಾಭವಿಲ್ಲ. ದಪ್ಪ ಬಣ್ಣ ಪ್ಲಾಸ್ಟಿಕ್ಕಿನಡಿ ಹಸಿಯಾಗಿಯೇ ಇರುತ್ತದೆ, ಒತ್ತಿ ಕೂಡಲೇ ನೇರಕ್ಕೆ ಎತ್ತಿ.

ಒಣ ಕಾಗದಕ್ಕೆ ಬಿಳಿ ಮೇಣದಬತ್ತಿ ಉಜ್ಜಿ ಮೇಲೆ ಜಲವರ್ಣ ಬಳಿದರೆ ಮೇಣವಿದ್ದಲ್ಲಿ ಬಣ್ಣ ನಿಲ್ಲುವುದಿಲ್ಲ. ಇದನ್ನು ಅಕ್ರಿಲಿಕ್‌ನಡಿ ಮಾಡಬೇಡಿ, ಸಿಪ್ಪೆಯಾಗಿ ಏಳುತ್ತದೆ. ಒದ್ದೆ ದಪ್ಪ ಬಣ್ಣದಲ್ಲಿ ಬಾಚಣಿಗೆ, ಫೋರ್ಕು, ಹಳೆಯ ಪ್ಲಾಸ್ಟಿಕ್ ಕಾರ್ಡು ಎಳೆಯುವುದು, ಬಬಲ್ ರ‍್ಯಾಪ್, ಉಂಡೆ ಮಾಡಿದ ಅಲ್ಯೂಮಿನಿಯಂ ಹಾಳೆ ಒತ್ತುವುದು, ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸುವುದು, ಇವನ್ನು ಒಂದು ಮಧ್ಯಾಹ್ನದಲ್ಲಿ ಕೈಯೇ ಕಲಿತುಬಿಡುತ್ತದೆ. ಬಣ್ಣ ಬೆಣ್ಣೆಯ ಹದದಲ್ಲಿರಲಿ, ಅಷ್ಟೇ. ಜರ್ಮನ್ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಸೀಸದಿಂದ ಉಜ್ಜಿ ಅದರ ನರಗಳನ್ನು ಚಿತ್ರಕ್ಕೆ ತಂದ. ಅದಕ್ಕೆ ಬೇಕಾದ್ದು ಒಂದು ಹಳೆಯ ಹಲಗೆ, ಒಂದು ಪೆನ್ಸಿಲ್ಲು.

ಮುಂದೆ ತೈಲವರ್ಣಕ್ಕೆ ಹೋದರೆ ಅಡುಗೆ ಎಣ್ಣೆ ಬೆರೆಸಬೇಡಿ. ಅಗಸೆ, ಅಕ್ರೋಟು, ಗಸಗಸೆ ಎಣ್ಣೆಗಳು ಗಾಳಿಯ ಆಮ್ಲಜನಕ ಸೇರಿ ಗಟ್ಟಿಯಾಗುತ್ತವೆ. ಕೊಬ್ಬರಿ, ಕಡಲೆ, ಆಲಿವ್ ಎಣ್ಣೆ ವರ್ಷವಾದರೂ ಜಿಡ್ಡಾಗಿಯೇ ಇರುತ್ತವೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ಅಕ್ರಿಲಿಕ್ ಟೆಕ್ಸ್ಚರ್ ಮೇಲೆ ತೈಲವರ್ಣ ಹಾಕಬಹುದು, ತೈಲದ ಮೇಲೆ ಅಕ್ರಿಲಿಕ್ ಹಾಕಬಾರದು.

ಹೊಸ ವಸ್ತು ಏನೇ ಸಿಕ್ಕರೂ ನೇರ ಚಿತ್ರಕ್ಕೆ ಬೇಡ. 10 ಸೆಂಟಿಮೀಟರ್ ಚೌಕದ ಹಲಗೆ ತುಂಡಿನ ಮೇಲೆ ಹಚ್ಚಿ, ಹಿಂದೆ ಅಳತೆ ಮತ್ತು ದಿನಾಂಕ ಬರೆದು ಎರಡು ವಾರ ಬಿಡಿ. ಆಮೇಲೆ ಹೆಬ್ಬೆರಳಿನಿಂದ ಉಜ್ಜಿ, ಅಂಟುಪಟ್ಟಿ ಒತ್ತಿ ಕಿತ್ತು ನೋಡಿ, ಒದ್ದೆ ಹತ್ತಿಯನ್ನು ಐದು ನಿಮಿಷ ಇಟ್ಟು ನೋಡಿ. ಇನ್ನೊಂದು ತುಂಡಿನ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲಿನ ಕಿಟಕಿಯಲ್ಲಿ ಎರಡು ತಿಂಗಳು ಇಡಿ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಬಣ್ಣದಲ್ಲಿ ವ್ಯತ್ಯಾಸ ಬಂದರೆ ಆ ವಸ್ತುವನ್ನು ಬಿಟ್ಟುಬಿಡಿ.

ಕೈಯಲ್ಲಿರುವ ಎರಡು ಚಿತ್ರಗಳ ವಿಷಯ. ಅಕ್ಕಿಯದನ್ನು ಇಂದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆ ಚಿತ್ರಗಳಿಂದ ದೂರವಿಡಿ, ಹುಳು ಹರಡದಿರಲಿ. ಫೋಟೊ ತೆಗೆದುಕೊಂಡು, ಟೆಕ್ಸ್ಚರ್ ಪದರವನ್ನು ಒದ್ದೆ ಬಟ್ಟೆಯಿಂದ ಮೆತ್ತಗಾಗಿಸಿ ಕೆರೆದು ತೆಗೆಯಿರಿ. ಅದರ ಮೇಲೆ ಇನ್ನೊಂದು ಕೋಟ್ ಕೊಟ್ಟು ಉಳಿಸುವ ದಾರಿಯಿಲ್ಲ. ಮರಳಿನದು ಉಳಿಯುತ್ತದೆ. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಉದುರುವ ಕಣಗಳನ್ನು ಮೆತ್ತಗಿನ ಬ್ರಷ್ಷಿನಿಂದ ಗುಡಿಸಿ. ಮೀಡಿಯಂ ಮತ್ತು ನೀರು ಸಮ ಬೆರೆಸಿ ತುಂತುರು ಬಾಟಲಿಯಿಂದ, ಹೊಳಪು ಕಾಣುವಷ್ಟು ಮಾತ್ರ, ಹರಿಯುವಷ್ಟಲ್ಲ, ಸಿಂಪಡಿಸಿ. ಇಲ್ಲಿ ನೀರು ಬೇಕು, ಗಟ್ಟಿ ಮೀಡಿಯಂ ಕಣಗಳ ಸಂದಿಗೆ ಇಳಿಯದೆ ಮೇಲೇ ನಿಲ್ಲುತ್ತದೆ. ದಿನಕ್ಕೊಂದು ಸಲದಂತೆ ಮೂರು ದಿನ ಸಿಂಪಡಿಸಿ, ನಾಲ್ಕನೆಯ ದಿನ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಇನ್ನೂ ಕಣ ಬಂದರೆ ಮತ್ತೆರಡು ಸಲ.